ಒವೆಚ್ಕಿನ್ ದಾಟಿದ ಮೇಲೂ ಗ್ರೆಟ್ಸ್ಕಿಯೇ ದೊಡ್ಡವರಾ?

ಪ್ರಶ್ನೆ: ನಾನು ನಿವೃತ್ತ ಶಾಲಾ ಮೇಷ್ಟ್ರು. ಊರು ಹಾಸನ. ಈ ಚಳಿಗಾಲಕ್ಕೆ ಟೊರಾಂಟೊದಲ್ಲಿ ಮಗಳ ಮನೆಗೆ ಬಂದಿದ್ದೇನೆ. ಸಂಜೆಯಾದರೆ ಮನೆಯಲ್ಲಿ ಐಸ್ ಹಾಕಿಯದೇ ಗಲಾಟೆ. ‘ಗ್ರೆಟ್ಸ್ಕಿ ದಾಖಲೆ ಮುರಿದಾಯ್ತು, ಇನ್ನು ಒವೆಚ್ಕಿನ್ನೇ ದೊಡ್ಡವನು’ ಅಂತಾರೆ ಅಳಿಯಂದಿರು. ಹನ್ನೆರಡು ವರ್ಷದ ಮೊಮ್ಮಗ ‘ಚಾನ್ಸೇ ಇಲ್ಲ ತಾತ’ ಅಂತ ಜಗಳಕ್ಕೆ ನಿಲ್ಲುತ್ತಾನೆ. ಯಾರು ಸರಿ? ಕ್ರಿಕೆಟ್‌ನಲ್ಲಿ ಬ್ರಾಡ್ಮನ್ನರ 99.94ರ ಸರಾಸರಿಯ ಹಾಗೆ ಯಾರೂ ಮುಟ್ಟಲಾಗದ ದಾಖಲೆ ಈ ಆಟದಲ್ಲೂ ಇದೆಯಾ?

ಉತ್ತರ: ಮೇಷ್ಟ್ರೇ, ಇಬ್ಬರೂ ಸರಿ. ಮನೆಯಲ್ಲಿ ಶಾಂತಿ ಇರಲಿ ಅಂತ ಹೇಳುತ್ತಿರುವ ಮಾತಲ್ಲ ಇದು. ಅವರಿಬ್ಬರೂ ಎಣಿಸುತ್ತಿರುವುದೇ ಬೇರೆ ಬೇರೆ. ನಿಮ್ಮ ಅಳಿಯಂದಿರು ಗೋಲು ಎಣಿಸುತ್ತಿದ್ದಾರೆ. ಮೊಮ್ಮಗ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಪಾಯಿಂಟ್ ಎಣಿಸುತ್ತಿದ್ದಾನೆ.

ಹಾಕಿ ಅಂದರೆ ನಮಗೆ ಕೊಡಗು, ಹಸಿರು ಮೈದಾನ, ಬಿಳಿ ಚೆಂಡು. ಇಲ್ಲಿ ಚೆಂಡಿನ ಜಾಗದಲ್ಲಿ ಪಕ್ ಇರುತ್ತದೆ. ಕಪ್ಪು ರಬ್ಬರಿನ ಗಟ್ಟಿ ಬಿಲ್ಲೆ ಅದು, ತೂಕ ಸುಮಾರು 170 ಗ್ರಾಂ. ಒಂದು ಕಡೆ ಐದು ಆಟಗಾರರು, ಒಬ್ಬ ಗೋಲ್‌ಕೀಪರ್. ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಅವಧಿ. ಲೆಕ್ಕ ಬರೆಯುವ ರೀತಿಯೂ ಬೇರೆ. ಗೋಲು ಹೊಡೆದವರಿಗೆ ಒಂದು ಪಾಯಿಂಟ್. ಅದಕ್ಕೆ ಮುಂಚೆ ಪಕ್ ದಾಟಿಸಿಕೊಟ್ಟ ಇಬ್ಬರವರೆಗೂ ತಲಾ ಒಂದು ಪಾಯಿಂಟ್. ಹಾಗೆ ದಾಟಿಸಿಕೊಡುವುದಕ್ಕೆ ಅಸಿಸ್ಟ್ ಅಂತಾರೆ. ಹೊಡೆದವನಿಗೂ ಒದಗಿಸಿದವನಿಗೂ ಒಂದೇ ಬೆಲೆ. ನಿಮ್ಮ ಮನೆಯ ಜಗಳ ಹುಟ್ಟುವುದು ಇಲ್ಲೇ.

ಅಳಿಯಂದಿರ ಪಕ್ಷದಿಂದ ಶುರು ಮಾಡೋಣ. 2025ರ ಏಪ್ರಿಲ್ 6. ನ್ಯೂಯಾರ್ಕ್‌ನ ಯುಬಿಎಸ್ ಅರೀನಾ. ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಅಲೆಕ್ಸ್ ಒವೆಚ್ಕಿನ್ ಎರಡನೇ ಅವಧಿಯಲ್ಲಿ ಐಲ್ಯಾಂಡರ್ಸ್ ಗೋಲ್‌ಕೀಪರ್ ಇಲ್ಯಾ ಸೊರೊಕಿನ್ ಅವರನ್ನು ದಾಟಿಸಿ ಪಕ್ ಬಲೆಗೆ ಹೊಡೆದರು. ಅದು ಅವರ 895ನೇ ಗೋಲು. ಅಲ್ಲಿಗೆ ವೇಯ್ನ್ ಗ್ರೆಟ್ಸ್ಕಿಯವರ 894ರ ದಾಖಲೆ ಹೋಯಿತು. ಒವೆಚ್ಕಿನ್ ಚಿಕ್ಕ ಮಕ್ಕಳ ಹಾಗೆ ಹೊಟ್ಟೆ ಮೇಲೆ ಬಿದ್ದು ಐಸ್ ಮೇಲೆ ಜಾರಿಕೊಂಡು ಹೋದರು. ಆಟ ನಿಲ್ಲಿಸಿ ಅಲ್ಲೇ ಸನ್ಮಾನ ನಡೆಯಿತು, ಗ್ರೆಟ್ಸ್ಕಿಯೂ ಬಂದಿದ್ದರು. ಅಂದ ಹಾಗೆ ಆ ಪಂದ್ಯದಲ್ಲಿ ವಾಷಿಂಗ್ಟನ್ 4-1ರಿಂದ ಸೋತಿತು. ಅದು ಯಾರಿಗೂ ನೆನಪಿಲ್ಲ.

ಗೋಲು ಬಂದ ರೀತಿಯನ್ನೂ ನೋಡಬೇಕು. ಎದುರಾಳಿಯೊಬ್ಬರು ತಪ್ಪು ಮಾಡಿ ಹೊರಗೆ ಕೂತಿರುವಾಗ ಇನ್ನೊಂದು ತಂಡಕ್ಕೆ ಒಬ್ಬ ಆಟಗಾರ ಜಾಸ್ತಿ ಸಿಗುತ್ತಾನೆ. ಇದು ಪವರ್ ಪ್ಲೇ. ಆಗ ಒವೆಚ್ಕಿನ್ ರಿಂಕ್‌ನ (ಐಸ್ ಅಂಗಳದ) ಎಡಗಡೆಯ ವೃತ್ತದ ಹತ್ತಿರ ಹೋಗಿ ನಿಲ್ಲುತ್ತಾರೆ. ಪಕ್ ಬರುತ್ತದೆ, ನಿಲ್ಲಿಸದೆ ಬಂದ ವೇಗದಲ್ಲೇ ಬಾರಿಸುತ್ತಾರೆ. ಇಪ್ಪತ್ತು ವರ್ಷದಿಂದ ಅದೇ ಜಾಗ, ಅದೇ ಹೊಡೆತ. ಎದುರಾಳಿಗಳಿಗೆಲ್ಲ ಗೊತ್ತು. ಆದರೂ ತಡೆಯಲಾಗಿಲ್ಲ. ದಾಖಲೆಯ ಗೋಲೂ ಪವರ್ ಪ್ಲೇನಲ್ಲೇ, ಅಲ್ಲಿಂದಲೇ ಬಂತು. ಆ ಸೀಸನ್‌ನಲ್ಲಿ ಕಾಲಿನ ಮೂಳೆ ಮುರಿದು 16 ಪಂದ್ಯ ತಪ್ಪಿಸಿಕೊಂಡಿದ್ದರು, ವಯಸ್ಸು 39. ಹಾಗಿದ್ದೂ 44 ಗೋಲು ಹೊಡೆದರು. ಅದೇ ವರ್ಷದ ನವೆಂಬರ್‌ನಲ್ಲಿ 900ನೇ ಗೋಲೂ ಬಂತು.

ಇನ್ನೊಂದು ವಿಚಿತ್ರ ಇದೆ. ಗ್ರೆಟ್ಸ್ಕಿ ತಮ್ಮ ಇಡೀ ಬದುಕಿನಲ್ಲಿ ಎನ್‌ಎಚ್‌ಎಲ್‌ನಲ್ಲಿ (ಅಮೆರಿಕ-ಕೆನಡಾದ ನ್ಯಾಷನಲ್ ಹಾಕಿ ಲೀಗ್) ಆಡಿದ್ದು 1,487 ಪಂದ್ಯ. ಒವೆಚ್ಕಿನ್ 895ನೇ ಗೋಲು ಹೊಡೆದಿದ್ದೂ ತಮ್ಮ 1,487ನೇ ಪಂದ್ಯದಲ್ಲೇ. ಲೆಕ್ಕದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ! ಪಂದ್ಯ ಅಷ್ಟೇ, ಗೋಲು ಒಂದೇ ಒಂದು ಜಾಸ್ತಿ. ಹಾಗಾದರೆ ಇಬ್ಬರೂ ಸಮಾನರಾ? ಅಲ್ಲ. ಕಾಲ ಸಮಾನವಾಗಿರಲಿಲ್ಲ.

1981-82ರಲ್ಲಿ ಎನ್‌ಎಚ್‌ಎಲ್‌ನ ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ ಸರಾಸರಿ 8 ಗೋಲು ಬೀಳುತ್ತಿದ್ದವು. 2003-04ರ ಹೊತ್ತಿಗೆ ಅದು 5ಕ್ಕೆ ಸ್ವಲ್ಪ ಮೇಲೆ. ಯಾಕೆ? 1967ರವರೆಗೆ ಆರೇ ತಂಡಗಳಿದ್ದ ಲೀಗ್ 1979ರ ಹೊತ್ತಿಗೆ 21 ತಂಡಕ್ಕೆ ಬೆಳೆದಿತ್ತು. ಒಳ್ಳೆಯ ರಕ್ಷಕರು ಎಲ್ಲ ಕಡೆ ಹಂಚಿಹೋದರು. ಆಗಿನ ಗೋಲ್‌ಕೀಪರ್‌ಗಳು ಜಾಸ್ತಿ ನಿಂತೇ ತಡೆಯುತ್ತಿದ್ದರು. ಅವರ ಪ್ಯಾಡು, ಗ್ಲೌಸು ಎಲ್ಲ ಚಿಕ್ಕವು. ಮೊಣಕಾಲೂರಿ, ಕಾಲನ್ನು ಎರಡೂ ಕಡೆಗೆ ಚಾಚಿ ಕೆಳಗಿನ ಜಾಗವನ್ನೆಲ್ಲ ಮುಚ್ಚುವ ಶೈಲಿಗೆ ಬಟರ್‌ಫ್ಲೈ ಅಂತಾರೆ. ಅದನ್ನು ಮನೆಮಾತು ಮಾಡಿದ್ದು ಮಾಂಟ್ರಿಯಲ್‌ನ ಪ್ಯಾಟ್ರಿಕ್ ರುವಾ, 1980ರ ದಶಕದ ಕೊನೆಗೆ. ಆಮೇಲೆ ನ್ಯೂಜೆರ್ಸಿ ಡೆವಿಲ್ಸ್ ಥರದ ತಂಡಗಳು ನಡು ರಿಂಕ್‌ನಲ್ಲೇ ಬಲೆ ಕಟ್ಟಿ ಆಟವನ್ನೇ ಉಸಿರುಗಟ್ಟಿಸಿದವು. ಒವೆಚ್ಕಿನ್ ಆಡಿದ್ದು ಇಷ್ಟೆಲ್ಲ ಆದ ಮೇಲೆ. ಜೊತೆಗೆ ಆಟಗಾರರ ಮತ್ತು ಮಾಲೀಕರ ಜಟಾಪಟಿಯಲ್ಲಿ 2004-05ರ ಇಡೀ ಸೀಸನ್ ನಡೆಯಲೇ ಇಲ್ಲ. ಅವರು ಲೀಗ್‌ಗೆ ಕಾಲಿಡುವುದು ಒಂದು ವರ್ಷ ತಡವಾಯಿತು. ಹಾಗಾಗಿ ಬರೀ ಗೋಲು ಹೊಡೆಯುವುದರಲ್ಲಿ ಇತಿಹಾಸದ ಮೊದಲ ಹೆಸರು ಒವೆಚ್ಕಿನ್ ಅಂತ ನಾನೂ ಒಪ್ಪುತ್ತೇನೆ. ಅಳಿಯಂದಿರಿಗೆ ಪೂರ್ತಿ ಮಾರ್ಕ್ಸ್.

ಈಗ ಮೊಮ್ಮಗನ ಸರದಿ.

ಗ್ರೆಟ್ಸ್ಕಿಯವರ ಒಟ್ಟು ಪಾಯಿಂಟ್ 2,857. ಅದರಲ್ಲಿ ಗೋಲು 894, ಅಸಿಸ್ಟ್ 1,963. ಪಾಯಿಂಟ್‌ಗಳಲ್ಲಿ ಎರಡನೇ ಸ್ಥಾನ ಯಾರೊಮಿರ್ ಯಾಗರ್ ಅವರದು, 1,921. ಎರಡನ್ನೂ ಇನ್ನೊಮ್ಮೆ ನೋಡಿ. ಗ್ರೆಟ್ಸ್ಕಿ ಒಂದೇ ಒಂದು ಗೋಲೂ ಹೊಡೆಯದೆ ಬರೀ ಪಕ್ ದಾಟಿಸಿಕೊಂಡು ಇದ್ದಿದ್ದರೂ ಇವತ್ತಿಗೆ ಪಾಯಿಂಟ್ ಪಟ್ಟಿಯಲ್ಲಿ ಅವರೇ ಮೊದಲು! ಅಸಿಸ್ಟ್‌ನಲ್ಲಿ ಎರಡನೆಯವರು ರಾನ್ ಫ್ರಾನ್ಸಿಸ್, 1,249. ಅಂತರ 714. ದಾಖಲೆಯ ಗೋಲು ಹೊಡೆದ ದಿನ ಒವೆಚ್ಕಿನ್ ಅವರ ಒಟ್ಟು ಪಾಯಿಂಟ್ 1,600 ಚಿಲ್ಲರೆ.

‘ಆ ಕಾಲದಲ್ಲಿ ಗೋಲು ಸುಲಭವಾಗಿತ್ತು ಅಂತ ನೀವೇ ಹೇಳಿದಿರಲ್ಲ’ ಅಂತ ಅಳಿಯಂದಿರು ಕೇಳಬಹುದು. ಕೇಳಲೇಬೇಕಾದ ಮಾತು. ಉತ್ತರ ಇಷ್ಟೇ. ಸುಲಭವಾಗಿದ್ದರೆ ಎಲ್ಲರಿಗೂ ಸುಲಭವಾಗಿರಬೇಕಿತ್ತು, ಅಲ್ವಾ? ಅದೇ ಗೋಲ್‌ಕೀಪರ್‌ಗಳ ಎದುರು, ಅದೇ ವರ್ಷ ಆಡಿದ ಉಳಿದವರು ಏನು ಮಾಡಿದರು ನೋಡೋಣ. 1981-82ರಲ್ಲಿ ಗ್ರೆಟ್ಸ್ಕಿ 212 ಪಾಯಿಂಟ್, ಎರಡನೇ ಸ್ಥಾನದ ಮೈಕ್ ಬಾಸಿ 147. 1983-84ರಲ್ಲಿ ಗ್ರೆಟ್ಸ್ಕಿ 205, ಎರಡನೆಯವರು 126, ಅದೂ ಅವರದೇ ತಂಡದ ಪಾಲ್ ಕಾಫಿ. 1985-86ರಲ್ಲಿ ಗ್ರೆಟ್ಸ್ಕಿ 215. ಇಂದಿಗೂ ಒಂದು ಸೀಸನ್‌ನ ದಾಖಲೆ ಇದೇ. ಅದರಲ್ಲಿ 163 ಬರೀ ಅಸಿಸ್ಟ್. ಆ ವರ್ಷ ಎರಡನೇ ಸ್ಥಾನದಲ್ಲಿದ್ದ ಮಾರಿಯೊ ಲೆಮ್ಯೂ ಅವರ ಗೋಲು-ಅಸಿಸ್ಟ್ ಎಲ್ಲ ಕೂಡಿಸಿದರೂ 141. ಒಂದು ಸೀಸನ್‌ನಲ್ಲಿ 200 ಪಾಯಿಂಟ್ ದಾಟಿದವರು ಇತಿಹಾಸದಲ್ಲಿ ಗ್ರೆಟ್ಸ್ಕಿ ಒಬ್ಬರೇ, ಅದೂ ನಾಲ್ಕು ಸಲ. ಲೆಮ್ಯೂ 1988-89ರಲ್ಲಿ 199ಕ್ಕೆ ನಿಂತರು. ಪಾಪ ಅನ್ನಿಸುತ್ತದೆ.

ನೀವು ಹುಡುಕುತ್ತಿರುವ ಬ್ರಾಡ್ಮನ್ ಇವರೇ. ಬ್ರಾಡ್ಮನ್ನರ ದೊಡ್ಡತನ 99.94 ಅನ್ನುವ ಅಂಕಿಯಲ್ಲಿಲ್ಲ. ಪಟ್ಟಿಯಲ್ಲಿ ಅವರ ಹಿಂದಿರುವವರು ಅರವತ್ತರ ಆಸುಪಾಸಿನಲ್ಲಿ ನಿಂತುಬಿಟ್ಟರಲ್ಲ, ಆ ಖಾಲಿ ಜಾಗದಲ್ಲಿದೆ. ಗ್ರೆಟ್ಸ್ಕಿಯ ಹಿಂದೆಯೂ ಅಂಥದೇ ಬಯಲು. ಈಗಿನ ಕಾಲದ ಅತ್ಯುತ್ತಮರಲ್ಲಿ ಕಾನರ್ ಮೆಕ್‌ಡೇವಿಡ್ ಮತ್ತು ನಿಕಿತಾ ಕುಚೆರೊವ್ 2023-24ರಲ್ಲಿ ತಲಾ 100 ಅಸಿಸ್ಟ್ ಮಾಡಿದಾಗ ಊರೆಲ್ಲ ಹಬ್ಬ. ಬೇಕಾದದ್ದು 163.

ಮೈಕಟ್ಟು ನೋಡಿದರೆ ಗ್ರೆಟ್ಸ್ಕಿ ದೈತ್ಯರೇನಲ್ಲ. ತೆಳ್ಳಗಿದ್ದರು. ವೇಗದಲ್ಲೂ ಮೊದಲಿಗರಲ್ಲ, ಹೊಡೆತದಲ್ಲೂ ಅಲ್ಲ. ಅವರು ಹುಟ್ಟಿದ್ದು 1961ರಲ್ಲಿ, ನೀವಿರುವ ಟೊರಾಂಟೊದಿಂದ ಹೆಚ್ಚು ದೂರವಿಲ್ಲದ ಬ್ರಾಂಟ್‌ಫರ್ಡ್‌ನಲ್ಲಿ. ಅಪ್ಪ ವಾಲ್ಟರ್ ಹಿತ್ತಲಿಗೆ ನೀರು ಬಿಟ್ಟು, ಅದು ಹೆಪ್ಪುಗಟ್ಟಿದ ಮೇಲೆ ಮಗನನ್ನು ಅಲ್ಲಿ ಆಡಲು ಬಿಡುತ್ತಿದ್ದರು. ಪಕ್ ಇದ್ದ ಕಡೆ ಓಡಬೇಡ, ಅದು ಹೋಗುವ ಕಡೆ ಹೋಗು ಅನ್ನುವುದು ಅಪ್ಪನ ಪಾಠ. ಮಗ ಅದನ್ನು ಅಕ್ಷರಶಃ ಪಾಲಿಸಿದ. ಎದುರಾಳಿಯ ಗೋಲಿನ ಹಿಂಭಾಗದಲ್ಲಿ ಹೋಗಿ ನಿಲ್ಲುವುದು ಅವರ ರೂಢಿ. ಅಲ್ಲಿಂದ ಇಡೀ ರಿಂಕ್ ಕಣ್ಣೆದುರು. ರಕ್ಷಕರು ಹಿಂದೆ ಬಂದರೆ ಮುಂದೆ ಜಾಗ ಖಾಲಿ. ಬರದಿದ್ದರೆ ಇವರು ಆರಾಮಾಗಿ ಪಕ್ ಇಟ್ಟುಕೊಂಡು ಕಾಯುತ್ತಾರೆ. ಆ ಜಾಗಕ್ಕೆ ಜನ ‘ಗ್ರೆಟ್ಸ್ಕಿ ಆಫೀಸು’ ಅಂತಲೇ ಹೆಸರಿಟ್ಟರು.

99 ನಂಬರಿನ ಕಥೆಯೂ ಚೆನ್ನಾಗಿದೆ. ಚಿಕ್ಕಂದಿನಲ್ಲಿ ಅವರ ಆರಾಧ್ಯ ದೈವ ಗಾರ್ಡಿ ಹೋವ್, ಡೆಟ್ರಾಯ್ಟ್‌ನ 9 ನಂಬರ್. ಜೂನಿಯರ್ ತಂಡಕ್ಕೆ ಹೋದಾಗ ಅಲ್ಲಿ 9 ಬೇರೆಯವರ ಬೆನ್ನ ಮೇಲಿತ್ತು. ಒಂದು ಸಿಗದಿದ್ದರೆ ಎರಡು ಹಾಕಿಕೊಂಡರು! ಆ ಹೋವ್ ಎಂಥವರು ಅಂದರೆ, 1979-80ರಲ್ಲಿ ಗ್ರೆಟ್ಸ್ಕಿ ಹದಿನೆಂಟರ ಹುಡುಗನಾಗಿ ಎನ್‌ಎಚ್‌ಎಲ್‌ಗೆ ಬಂದ ಸೀಸನ್‌ನಲ್ಲಿ ಇವರೂ ಹಾರ್ಟ್‌ಫರ್ಡ್ ತಂಡದಲ್ಲಿ ಆಡುತ್ತಿದ್ದರು, 51ನೇ ವಯಸ್ಸಿನಲ್ಲಿ. 80 ಪಂದ್ಯಕ್ಕೆ 80ನ್ನೂ ಆಡಿದರು, 15 ಗೋಲು ಹೊಡೆದರು. ಅದೇ ತಂಡದಲ್ಲಿ ಅವರ ಇಬ್ಬರು ಗಂಡುಮಕ್ಕಳೂ ಇದ್ದರು. ಅಪ್ಪ-ಮಕ್ಕಳು ಒಂದೇ ಬೆಂಚಿನಲ್ಲಿ. ಮುಂದೆ ಹೋವ್ ಅವರ 801 ಗೋಲುಗಳನ್ನು ಗ್ರೆಟ್ಸ್ಕಿ 1994ರ ಮಾರ್ಚ್ 23ರಂದು ದಾಟಿದರು. ಗ್ರೆಟ್ಸ್ಕಿ ನಿವೃತ್ತರಾದ ಮೇಲೆ 99ನ್ನು ಲೀಗ್‌ನ ಯಾವ ತಂಡದಲ್ಲೂ ಯಾರೂ ತೊಡುವ ಹಾಗಿಲ್ಲ.

ಗ್ರೆಟ್ಸ್ಕಿಯ ಅಷ್ಟೂ ದಾಖಲೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಅಂದರೆ ನಾನು 2,857ನ್ನೂ ಬಿಟ್ಟು ಇದನ್ನು ತೆಗೆದುಕೊಳ್ಳುತ್ತೇನೆ: 39 ಪಂದ್ಯದಲ್ಲಿ 50 ಗೋಲು.

1944-45ರಲ್ಲಿ ಮಾಂಟ್ರಿಯಲ್‌ನ ಮೋರೀಸ್ ರಿಷಾರ್ 50 ಪಂದ್ಯದಲ್ಲಿ 50 ಗೋಲು ಹೊಡೆದಿದ್ದರು. ‘ಒಳ್ಳೊಳ್ಳೆ ಆಟಗಾರರೆಲ್ಲ ಯುದ್ಧಕ್ಕೆ ಹೋಗಿದ್ದರು, ಅದಕ್ಕೇ ಆಯ್ತು’ ಅಂತ ಆಗಲೂ ಕೆಲವರು ಮೂಗು ಮುರಿದರು. (ದಾಖಲೆ ಆದಾಗೆಲ್ಲ ಕಾಲದ ಮೇಲೆ ಹಾಕುವುದು ಹಳೇ ಚಾಳಿ.) ಅದೇ ಸೀಸನ್‌ನ ಡಿಸೆಂಬರ್ 28ರಂದು ರಿಷಾರ್ ಹಗಲಿಡೀ ಮನೆ ಬದಲಾಯಿಸಿ, ಸಾಮಾನು ಹೊತ್ತು, ರಾತ್ರಿ ಬಂದು ಐದು ಗೋಲು, ಮೂರು ಅಸಿಸ್ಟ್ ಮಾಡಿದ ಕಥೆಯನ್ನು ಕೆನಡಾದ ಹಿರಿಯರು ಇಂದಿಗೂ ಹೇಳುತ್ತಾರೆ. 50ಕ್ಕೆ 50ನ್ನು ಸಮ ಮಾಡಲು 36 ವರ್ಷ ಹಿಡಿಯಿತು. 1981ರ ಜನವರಿಯಲ್ಲಿ ಮೈಕ್ ಬಾಸಿ ತಮ್ಮ ಐವತ್ತನೇ ಪಂದ್ಯದ ಕೊನೆಯ ಕೆಲವೇ ನಿಮಿಷಗಳಲ್ಲಿ ಎರಡು ಗೋಲು ಹೊಡೆದು ಹೇಗೋ ಮುಟ್ಟಿದರು.

ಅದೇ ವರ್ಷ ಡಿಸೆಂಬರ್ 30. ಗ್ರೆಟ್ಸ್ಕಿಯ ತಂಡದ ಊರು ಎಡ್ಮಂಟನ್. ಎದುರಿಗೆ ಫಿಲಡೆಲ್ಫಿಯಾ ಫ್ಲೈಯರ್ಸ್. ಗ್ರೆಟ್ಸ್ಕಿ 38 ಪಂದ್ಯದಲ್ಲಿ 45 ಗೋಲು ಹೊಡೆದಿದ್ದರು. ಇನ್ನೆರಡು ಮೂರು ಪಂದ್ಯದಲ್ಲಿ ಆಗಬಹುದು ಅಂತ ಎಲ್ಲರ ಲೆಕ್ಕ. ಅವತ್ತು ಒಂದಾದ ಮೇಲೊಂದು ನಾಲ್ಕು ಗೋಲು ಹೋಯಿತು. 49. ಎಡ್ಮಂಟನ್ 6-5ರಲ್ಲಿ ಮುಂದಿದೆ, ಕೊನೆಯ ನಿಮಿಷ. ಫ್ಲೈಯರ್ಸ್ ತಮ್ಮ ಗೋಲ್‌ಕೀಪರನ್ನು ಹೊರಗೆ ಕರೆದು ಇನ್ನೊಬ್ಬ ಆಟಗಾರನನ್ನು ಇಳಿಸಿದರು. ಈ ಆಟದಲ್ಲಿ ಅದಕ್ಕೆ ಅವಕಾಶವಿದೆ. ಸಮ ಮಾಡಿಕೊಳ್ಳುವ ಕೊನೆಯ ಜೂಜು. ಗಡಿಯಾರದಲ್ಲಿ ಮೂರು ಸೆಕೆಂಡು ಉಳಿದಿದ್ದಾಗ ಪಕ್ ಖಾಲಿ ಗೋಲಿನೊಳಗೆ ಹೋಯಿತು. 36 ವರ್ಷ ಯಾರೂ ಅಲುಗಾಡಿಸದ ಗುರುತನ್ನು 20 ವರ್ಷದ ಹುಡುಗ ಹನ್ನೊಂದು ಪಂದ್ಯ ಮುಂಚೆಯೇ ದಾಟಿಬಿಟ್ಟಿದ್ದ. ಆ ಸೀಸನ್ ಅವರ ಒಟ್ಟು ಗೋಲು 92. ಒಂದು ಸೀಸನ್‌ನಲ್ಲಿ ಒವೆಚ್ಕಿನ್ ಅವರ ಅತಿ ಹೆಚ್ಚು 65.

ಸಣ್ಣದೊಂದು ತಮಾಷೆ. ಎನ್‌ಎಚ್‌ಎಲ್‌ನಲ್ಲಿ ಇಬ್ಬರು ಅಣ್ಣತಮ್ಮಂದಿರು ಸೇರಿ ಗಳಿಸಿದ ಅತಿ ಹೆಚ್ಚು ಪಾಯಿಂಟ್ ದಾಖಲೆ ವೇಯ್ನ್ ಮತ್ತು ಬ್ರೆಂಟ್ ಗ್ರೆಟ್ಸ್ಕಿ ಅವರದು. 2,861. ಇದರಲ್ಲಿ ತಮ್ಮನ ಪಾಲು ನಾಲ್ಕು.

ಇನ್ನು ಮುಟ್ಟಲಾಗದ ದಾಖಲೆಗಳ ವಿಷಯ. ಎಲ್ಲವೂ ಗ್ರೆಟ್ಸ್ಕಿ ಥರದವಲ್ಲ. ಕೆಲವು ದಾಖಲೆ ಉಳಿದಿರುವುದು ಆಟವೇ ಬದಲಾಗಿದ್ದರಿಂದ. ಗ್ಲೆನ್ ಹಾಲ್ ಅನ್ನುವ ಗೋಲ್‌ಕೀಪರ್ 1955ರಿಂದ 1962ರವರೆಗೆ ಸತತ 502 ಲೀಗ್ ಪಂದ್ಯಗಳನ್ನು ಒಂದು ನಿಮಿಷವೂ ಬಿಡದೆ ಆಡಿದರು. ಮುಖಕ್ಕೆ ಮಾಸ್ಕ್ ಇಲ್ಲದೆ. ಪ್ರತಿ ಪಂದ್ಯಕ್ಕೆ ಮುಂಚೆ ಹೆದರಿಕೆಗೆ ವಾಂತಿ ಮಾಡಿಕೊಂಡು ಬಂದು ನಿಲ್ಲುತ್ತಿದ್ದರು. ಕೊನೆಗೆ ಬೆನ್ನುನೋವು ಅವರನ್ನು ನಿಲ್ಲಿಸಿತು. ಈಗ ಪ್ರತಿ ತಂಡದಲ್ಲೂ ಇಬ್ಬರು ಗೋಲ್‌ಕೀಪರ್ ಸರದಿ ಪ್ರಕಾರ ಆಡುತ್ತಾರೆ. ಒಬ್ಬರನ್ನೇ ಸತತ 82 ಪಂದ್ಯ ನಿಲ್ಲಿಸಿದರೆ ತರಬೇತುದಾರನ ಕೆಲಸ ಹೋದೀತು. ಹಾಗಾಗಿ 502 ಅಲ್ಲೇ ಇರುತ್ತದೆ.

ಮಾಸ್ಕ್ ಬಂದ ರಾತ್ರಿ 1959ರ ನವೆಂಬರ್ 1. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಆ್ಯಂಡಿ ಬಾತ್‌ಗೇಟ್ ಹೊಡೆದ ಪಕ್ ಮಾಂಟ್ರಿಯಲ್ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಅವರ ಮುಖಕ್ಕೆ ಬಿತ್ತು. ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡರು. ಅಭ್ಯಾಸಕ್ಕೆ ಬಳಸುತ್ತಿದ್ದ ಮಾಸ್ಕ್ ಹಾಕದೆ ವಾಪಸ್ ಬರುವುದಿಲ್ಲ ಅಂದರು. ತರಬೇತುದಾರ ಟೋ ಬ್ಲೇಕ್ ಅವರಿಗೆ ಮಾಸ್ಕ್ ಕಂಡರೆ ಆಗದು. ಆದರೆ ಬೆಂಚಿನಲ್ಲಿ ಬೇರೆ ಗೋಲ್‌ಕೀಪರ್ ಇಲ್ಲ! ಒಪ್ಪಲೇಬೇಕಾಯಿತು. ಮಾಂಟ್ರಿಯಲ್ 3-1ರಿಂದ ಗೆದ್ದಿತು. ಹೇಡಿಗಳು ಮಾತ್ರ ಮಾಸ್ಕ್ ಹಾಕುತ್ತಾರೆ ಅನ್ನುವ ಮಾತು ಅಲ್ಲಿಂದ ನಿಧಾನಕ್ಕೆ ಸತ್ತುಹೋಯಿತು. ನನ್ನ ಮಟ್ಟಿಗೆ ಇದು ಯಾವ ಗೋಲಿನ ದಾಖಲೆಗಿಂತಲೂ ದೊಡ್ಡ ಘಟನೆ.

ಇನ್ನು ಕೆಲವು ದಾಖಲೆಗಳು ಸುಮ್ನೆ ಒಂದು ರಾತ್ರಿಯ ಮಾಯೆ. 1952ರ ಮಾರ್ಚ್ 23ರಂದು ಶಿಕಾಗೊದ ಬಿಲ್ ಮೊಸಿಯೆಂಕೊ 21 ಸೆಕೆಂಡಿನಲ್ಲಿ ಮೂರು ಗೋಲು ಹೊಡೆದರು. ಮೂರಕ್ಕೂ ಪಕ್ ಒದಗಿಸಿದವರು ಗಸ್ ಬಾಡ್ನರ್. ಬಿಲ್ಲೆಯನ್ನು ಮಧ್ಯಕ್ಕೆ ತಂದು ಆಟ ಶುರು ಮಾಡುವಷ್ಟರಲ್ಲಿ ಮತ್ತೆ ಗೋಲು. ಅಂದ ಹಾಗೆ ಮೂರು ಗೋಲಿಗೆ ಇಲ್ಲೂ ಹ್ಯಾಟ್ರಿಕ್ ಅಂತಲೇ ಹೆಸರು. ನಮ್ಮ ಕ್ರಿಕೆಟ್‌ನಿಂದ ಹೋದ ಪದ. ತವರು ತಂಡದವರು ಹ್ಯಾಟ್ರಿಕ್ ಹೊಡೆದರೆ ಜನ ತಲೆ ಮೇಲಿನ ಟೋಪಿ ತೆಗೆದು ರಿಂಕ್‌ಗೆ ಎಸೆಯುತ್ತಾರೆ. ನಿಮ್ಮ ಮೊಮ್ಮಗ ಕರೆದುಕೊಂಡು ಹೋದರೆ ಒಳ್ಳೆ ಟೋಪಿ ಹಾಕಿಕೊಂಡು ಹೋಗಬೇಡಿ.

ಟೊರಾಂಟೊದಲ್ಲೇ ಇದ್ದೀರಿ, ಆದ್ದರಿಂದ ಅಲ್ಲಿನ ಮೂರು ಕಥೆ ಹೇಳದೆ ಬಿಡಲಾರೆ. 1976ರ ಫೆಬ್ರುವರಿ 7ರಂದು ಊರಿನ ತಂಡ ಮೇಪಲ್ ಲೀಫ್ಸ್‌ನ ನಾಯಕ ಡ್ಯಾರಿಲ್ ಸಿಟ್ಲರ್ ಬೋಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ 10 ಪಾಯಿಂಟ್ ಗಳಿಸಿದರು. ಆರು ಗೋಲು, ನಾಲ್ಕು ಅಸಿಸ್ಟ್. ಗ್ರೆಟ್ಸ್ಕಿಯೂ ಲೆಮ್ಯೂ ಕೂಡ ಎಂಟರ ಮೇಲೆ ಹೋಗಲಾಗಲಿಲ್ಲ. ಬೋಸ್ಟನ್ ಗೋಲ್‌ಕೀಪರ್ ಡೇವ್ ರೀಸ್ ಅವರಿಗೆ ಅದೇ ಕೊನೆಯ ಎನ್‌ಎಚ್‌ಎಲ್ ಪಂದ್ಯವಾಯಿತು.

ಎರಡನೆಯದು ನಂಬಲು ಕಷ್ಟ. 2020ರ ಫೆಬ್ರುವರಿ 22, ಈಗಿನ ಸ್ಕೋಶಿಯಾಬ್ಯಾಂಕ್ ಅರೀನಾ. ಕ್ಯಾರೊಲಿನಾ ತಂಡದ ಇಬ್ಬರೂ ಗೋಲ್‌ಕೀಪರ್‌ಗಳಿಗೆ ಆಟದ ನಡುವೆ ಪೆಟ್ಟಾಯಿತು. ಇಂಥ ಹೊತ್ತಿಗೆ ಅಂತ ಆಗ ಪ್ರತಿ ಅರೀನಾದಲ್ಲಿ ಒಬ್ಬ ತುರ್ತು ಗೋಲ್‌ಕೀಪರ್ ಇರಬೇಕಿತ್ತು, ಯಾವ ತಂಡಕ್ಕೆ ಬೇಕಾದರೂ ಆಡಬೇಕಿತ್ತು. ಅವತ್ತು ಇದ್ದವರು ಡೇವಿಡ್ ಏರ್ಸ್, ವಯಸ್ಸು 42. ಐಸ್ ನಯ ಮಾಡುವ ಝಾಂಬೋನಿ ಗಾಡಿ ಓಡಿಸುತ್ತಿದ್ದವರು. ಮೂತ್ರಪಿಂಡ ಕಸಿ ಆಗಿತ್ತು, ಕೊಟ್ಟವರು ತಾಯಿ. ಟೊರಾಂಟೊದವರೇ ಬಂದು ಟೊರಾಂಟೊ ವಿರುದ್ಧ ನಿಂತರು! ಮೊದಲ ಎರಡು ಹೊಡೆತ ಎರಡೂ ಗೋಲು. ಆಮೇಲಿನ ಎಂಟನ್ನೂ ತಡೆದರು. ಕ್ಯಾರೊಲಿನಾ 6-3ರಿಂದ ಗೆದ್ದಿತು. ಅವರ ಸ್ಟಿಕ್ ಊರಿನ ಹಾಕಿ ಹಾಲ್ ಆಫ್ ಫೇಮ್‌ಗೆ ಹೋಯಿತು. ಲೀಫ್ಸ್ ಅಭಿಮಾನಿಯಾದ ಅಳಿಯಂದಿರ ಎದುರು ಈ ಮಾತು ತೆಗೆಯುವಾಗ ಜೋಪಾನ.

ಮೂರನೆಯದಕ್ಕೆ ಅದೇ ಅರೀನಾದಲ್ಲಿ ಮೇಲೆ ನೋಡಬೇಕು. 5 ನಂಬರಿನ ಬಾವುಟ ಕಾಣುತ್ತದೆ. ಅದು ಬಿಲ್ ಬರಿಲ್ಕೊ ಅವರದು. 1951ರ ಸ್ಟ್ಯಾನ್ಲಿ ಕಪ್ (ಲೀಗ್ ಚಾಂಪಿಯನ್ನರ ಕಪ್) ಫೈನಲ್‌ನಲ್ಲಿ ಮಾಂಟ್ರಿಯಲ್ ವಿರುದ್ಧ ಐದು ಪಂದ್ಯ, ಐದೂ ಹೆಚ್ಚುವರಿ ಸಮಯಕ್ಕೆ ಹೋದವು. ಏಪ್ರಿಲ್ 21ರಂದು ಕಪ್ ಗೆದ್ದ ಗೋಲು ಹೊಡೆದವರು ರಕ್ಷಕ ಬರಿಲ್ಕೊ. ವಯಸ್ಸು 24, ಅದು ಅವರ ನಾಲ್ಕನೇ ಕಪ್. ಆಗಸ್ಟ್‌ನಲ್ಲಿ ಗೆಳೆಯರೊಬ್ಬರ ಸಣ್ಣ ವಿಮಾನದಲ್ಲಿ ಮೀನು ಹಿಡಿಯಲು ಉತ್ತರದ ಕಡೆಗೆ ಹೋದರು. ವಾಪಸ್ ಬರಲಿಲ್ಲ. ಕಾಡೆಲ್ಲ ಹುಡುಕಿದರೂ ಸಿಗಲಿಲ್ಲ. ಹನ್ನೊಂದು ವರ್ಷ ಲೀಫ್ಸ್‌ಗೆ ಕಪ್ಪೂ ಇಲ್ಲ. 1962ರ ಏಪ್ರಿಲ್‌ನಲ್ಲಿ ಮತ್ತೆ ಗೆದ್ದರು. ಜೂನ್‌ನಲ್ಲಿ ಹೆಲಿಕಾಪ್ಟರ್ ಪೈಲಟ್ ಒಬ್ಬರಿಗೆ ಒಂಟಾರಿಯೊದ ಉತ್ತರದ ಕಾಡಿನಲ್ಲಿ ಆ ವಿಮಾನ ಕಾಣಿಸಿತು.